ಚಿತ್ತು ಕಾಟು ಕಾಣುವ ಪುಸ್ತಕ

(ಸಾಗರದಲ್ಲಿ ಪದವಿ ವಿದ್ಯಾರ್ಥಿಗಳೂ ಅಡಿಕೆ ಬೆಳೆಗಾರರೂ ಕೂಡಿದ್ದ ಒಂದು ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಹೇಳಿದ್ದನ್ನೇ ಹೇಳಿದ ಕಡೆ ಕತ್ತರಿ ಹಾಕಿದ್ದೇನೆ. ಕೊನೆಯ ಪ್ರಶ್ನೋತ್ತರವನ್ನು ಹಾಗೇ ಬಿಟ್ಟಿದ್ದೇನೆ.)

ನಮಸ್ಕಾರ. ನನಗೆ ಕೊಟ್ಟ ವಿಷಯ ‘ಡಿಜಿಟಲ್ ದತ್ತಾಂಶ ನಿರ್ವಹಣೆ ಮತ್ತು ವಿಜ್ಞಾನದ ವಿಶ್ವಾಸಾರ್ಹತೆ’. ಅದನ್ನು ಪೂರ್ತಿ ಹೇಳಿ ಮುಗಿಸುವಷ್ಟರಲ್ಲಿ ಕಾಫಿ ಆರಿಹೋಗುತ್ತದೆ. ಅದನ್ನು ಸ್ವಲ್ಪ ಬದಿಗಿಟ್ಟು ಮೊದಲು ಈ ಪುಸ್ತಕ ತೋರಿಸುತ್ತೇನೆ. ಹಿಂದೆ ಕೂತವರಿಗೆ ಕಾಣದಿದ್ದರೆ ಆಮೇಲೆ ಬಂದು ನೋಡಿ.

ಇದು ನಮ್ಮ ಅಪ್ಪಯ್ಯನ ಮಳೆ ಪುಸ್ತಕ. ಮಂಡಿಯವರು ದೀಪಾವಳಿಗೆ ಕೊಡುತ್ತಿದ್ದ ಲೆಕ್ಕದ ಪುಸ್ತಕ, ಕೆಂಪು ರಟ್ಟು, ಒಂದು ಮೂಲೆ ಗೆದ್ದಲಿನ ಪಾಲಾಗಿದೆ. ನಮ್ಮ ಅಂಗಳದಲ್ಲಿ ಒಂದು ಮಳೆಮಾಪಕ ಇತ್ತು. ಮೇಲೆ ತಗಡಿನ ಆಲಿಕೆ, ಒಳಗೆ ಬಾಟಲಿ, ಅಳೆಯಲಿಕ್ಕೆ ಗೆರೆ ಹಾಕಿದ ಗಾಜಿನ ಲೋಟ. ಬೆಳಿಗ್ಗೆ ಎಂಟೂವರೆಗೆ ಅಪ್ಪಯ್ಯ ಕಂಬಳಿ ಕೊಪ್ಪೆ ಹಾಕಿಕೊಂಡು ಹೋಗಿ ಅಳೆದು, ಜಗಲಿ ಮೇಲೆ ಕೂತು ಬರೆಯುತ್ತಿದ್ದರು. ನಾಲ್ಕು ಕಲಂ: ತಾರೀಕು, ಮಳೆ ನಕ್ಷತ್ರ, ಇಂಚು–ಸೆಂಟ್ಸು (ಇಂಚಿನ ನೂರರಲ್ಲೊಂದು ಭಾಗ), ಷರಾ. ಎಂಟೂವರೆ ಹವಾಮಾನ ಇಲಾಖೆಯ ಹೊತ್ತು. ನಿನ್ನೆ ಎಂಟೂವರೆಯಿಂದ ಇವತ್ತು ಎಂಟೂವರೆವರೆಗೆ ಬಿದ್ದದ್ದು ಇಲಾಖೆಯವರಿಗೆ ಇವತ್ತಿನ ಲೆಕ್ಕ. ಅಪ್ಪಯ್ಯ ಮಾತ್ರ ಅದನ್ನು ನಿನ್ನೆಯ ತಾರೀಕಿಗೇ ಬರೆಯುತ್ತಿದ್ದರು. ‘ಮಳೆ ಬಂದಿದ್ದು ನಿನ್ನೆ ರಾತ್ರಿ, ಇವತ್ತು ಹೇಗೆ ಬರೀಲಿ?’ ಅನ್ನುವುದು ಅವರ ವಾದ. ವಾದ ಸರಿಯೇ. ಆದರೆ ಆ ಕ್ರಮ ಅವರ ತಲೆಯಲ್ಲಿತ್ತು, ಪುಸ್ತಕದಲ್ಲಿ ಎಲ್ಲೂ ಬರೆದಿರಲಿಲ್ಲ.

ಅವರು ಹೋದ ಮೇಲೆ ಈ ಪುಸ್ತಕಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುವ ಹುಕಿ ನನಗೆ ಹತ್ತಿತು. ನಾನು ಸಂಖ್ಯಾಶಾಸ್ತ್ರ ಪಾಠ ಮಾಡಿದವನು, ಆ ಸೊಕ್ಕೂ ಸ್ವಲ್ಪ ಇತ್ತು. ತಂಗಿಯ ಮಗಳು ಬೇಸಿಗೆ ರಜೆಯಲ್ಲಿ ಕೂತು ಎಕ್ಸೆಲ್‌ನಲ್ಲಿ ಟೈಪ್ ಮಾಡಿಕೊಟ್ಟಳು. ಇಂಚನ್ನು ಮಿಲಿಮೀಟರಿಗೆ ತಂದೆವು, ವರ್ಷದ ಮೊತ್ತ ತೆಗೆದೆವು, ಬಣ್ಣದ ನಕ್ಷೆ ಬಂತು. ಊರಿನ ದೇವಸ್ಥಾನದ ಹತ್ತಿರ ಒಂದು ಸಣ್ಣ ಕೂಟದಲ್ಲಿ ಅದನ್ನು ಪರದೆ ಮೇಲೆ ಹಾಕಿ, ‘ನೋಡಿ, ಈ ವರ್ಷ ಮಳೆ ಗಣನೀಯವಾಗಿ ಕಡಿಮೆ’ ಎಂದು ಕೋಲಿನಲ್ಲಿ ತೋರಿಸಿದೆ. ಹಿಂದಿನ ಬೆಂಚಿನಿಂದ ನಮ್ಮ ಪಕ್ಕದ ಮನೆಯ ಹಿರಿಯರು ಎದ್ದು ನಿಂತರು. ‘ಅಲ್ಲಾ ಮಾರಾಯ್ರೆ, ಆಶ್ಲೇಷ ಮಳೆಗೆ ಹಳ್ಳದ ಸಂಕ (ಕಾಲುಸೇತುವೆ) ಕೊಚ್ಚಿಕೊಂಡು ಹೋದ ವರ್ಷ ಅದು. ಮಳೆ ಕಮ್ಮಿ ಅಂತೀರಲ್ಲ!’

ಸಭೆ ನಕ್ಕಿತು, ನಾನೂ ನಕ್ಕೆ. ಮನೆಗೆ ಬಂದು ಪುಸ್ತಕ ತೆಗೆದು ನೋಡಿದೆ. ಇಗೋ, ಈ ಪುಟ. ಆಶ್ಲೇಷದಲ್ಲಿ ಆರು ದಿನ ಖಾಲಿ. ಅಪ್ಪಯ್ಯ ಆಸ್ಪತ್ರೆಯಲ್ಲಿದ್ದರು. ಏಳನೆಯ ದಿನ ‘8.00’, ಪಕ್ಕದಲ್ಲಿ ಒಂದು ಕೂಡಿಸುವ ಚಿಹ್ನೆ. ಷರಾದಲ್ಲಿ: ‘ಬಾಟ್ಲಿ ತುಂಬಿ ಚೆಲ್ಲಿದೆ. ಕಡಿಮೆ ಅಂದರೆ ಇಷ್ಟು.’ ಬಾಟಲಿ ಹಿಡಿಯುತ್ತಿದ್ದದ್ದೇ ಎಂಟು ಇಂಚು. ಹುಡುಗಿ ಖಾಲಿ ಇದ್ದ ಆರು ಮನೆಗಳಿಗೂ ಸೊನ್ನೆ ತುಂಬಿದ್ದಳು, ಖಾಲಿ ಬಿಟ್ಟರೆ ಚೆನ್ನಾಗಿ ಕಾಣುವುದಿಲ್ಲ ಅಂತ. ಕೂಡಿಸುವ ಚಿಹ್ನೆಯನ್ನು ಎಕ್ಸೆಲ್ ನುಂಗಿತ್ತು. ಷರಾ ಕಲಂ ಟೈಪ್ ಮಾಡುವುದು ಬೇಡ ಅಂದವನು ನಾನೇ.

‘ಮಳೆ ಬರಲಿಲ್ಲ’ ಅನ್ನುವುದು ಬೇರೆ, ‘ಅಳೆಯಲಿಲ್ಲ’ ಅನ್ನುವುದು ಬೇರೆ. ಸೊನ್ನೆ ಒಂದು ಅಂಕಿ, ಖಾಲಿ ಮನೆ ‘ಗೊತ್ತಿಲ್ಲ’ ಅನ್ನುವ ಒಪ್ಪಿಗೆ. ಇವತ್ತು ನಾನು ಹೇಳಲಿಕ್ಕೆ ಬಂದದ್ದರಲ್ಲಿ ಅರ್ಧ ಇಷ್ಟೇ.

ಇದರಿಂದ ದುಡ್ಡೂ ಹೋಗುತ್ತದೆ. ಅಡಿಕೆಗೆ ಹವಾಮಾನ ಆಧಾರಿತ ಬೆಳೆ ವಿಮೆ ಕಟ್ಟುವವರು ಇಲ್ಲಿ ತುಂಬಾ ಜನ ಇದ್ದೀರಿ. ನಿಮ್ಮ ತೋಟಕ್ಕೆ ಯಾರೂ ಬಂದು ಕೊಳೆ ರೋಗ ಎಷ್ಟು ಬಿದ್ದಿದೆ ಅಂತ ನೋಡುವುದಿಲ್ಲ. ಪಂಚಾಯಿತಿಗೆ ಹಾಕಿದ ಮಳೆಮಾಪಕ ಏನು ಹೇಳುತ್ತದೋ ಅದೇ ಲೆಕ್ಕ. ಅದರ ಒಳಗೆ ಒಂದು ಸಣ್ಣ ಜೋಡಿ ಬಟ್ಟಲು, ತಕ್ಕಡಿಯ ಹಾಗೆ. ಇಷ್ಟು ನೀರು ತುಂಬಿದರೆ ಮಗುಚುತ್ತದೆ, ಮಗುಚಿದ್ದನ್ನು ಯಂತ್ರ ಎಣಿಸಿ ಕಳಿಸುತ್ತದೆ. ಆಲಿಕೆಯ ಬಾಯಿಗೆ ಹೊನ್ನೆ ಮರದ ಎರಡು ಎಲೆ ಬಿದ್ದು ಕೂತರೆ ಬಟ್ಟಲು ಮಗುಚುವುದಿಲ್ಲ, ಯಂತ್ರ ಸೊನ್ನೆ ಕಳಿಸುತ್ತದೆ. ಹೊರಗೆ ಧೋ ಅಂತ ಸುರಿಯುತ್ತಿರುತ್ತದೆ! ಯಂತ್ರಕ್ಕೆ ‘ನನ್ನ ಬಾಯಿ ಮುಚ್ಚಿದೆ’ ಅನ್ನಲು ಬರುವುದಿಲ್ಲ. ಅದನ್ನು ಗುರುತಿಸಿ ಷರಾ ಬರೆಯಲು ಒಬ್ಬ ಮನುಷ್ಯ ಬೇಕು, ಬರೆದದ್ದನ್ನು ಉಳಿಸಲು ಕಡತದಲ್ಲಿ ಒಂದು ಕಲಂ ಬೇಕು. ಎರಡರಲ್ಲಿ ಒಂದಿಲ್ಲದಿದ್ದರೂ ರೈತ ‘ಇದೆಲ್ಲಾ ಸುಳ್ಳು ಲೆಕ್ಕ’ ಅಂತಾನೆ. ಅವನನ್ನು ಅವೈಜ್ಞಾನಿಕ ಅನ್ನಲು ನನಗೆ ಮನಸ್ಸಿಲ್ಲ. ಅವನು ಅಂಗಳದಲ್ಲಿ ನಿಂತು ಒದ್ದೆಯಾಗಿದ್ದಾನೆ.

ಇದು ಹಳ್ಳಿ ಕಡೆಯ ಎಡವಟ್ಟು ಅಂದುಕೊಳ್ಳಬೇಡಿ. 2020ರ ಸೆಪ್ಟೆಂಬರ್ ಕೊನೆಯ ವಾರ, ಇಂಗ್ಲೆಂಡಿನಲ್ಲಿ 15,841 ಕೊರೊನಾ ಪ್ರಕರಣಗಳು ಲೆಕ್ಕದಿಂದ ಬಿಟ್ಟುಹೋದವು. ಕಾರಣ ಕೇಳಿದರೆ ನಗು ಬರುತ್ತದೆ. ಎಕ್ಸೆಲ್‌ನ ಹಳೆಯ ನಮೂನೆಯ ಕಡತದಲ್ಲಿ 65,536 ಸಾಲಿಗಿಂತ ಹೆಚ್ಚು ಹಿಡಿಯುವುದಿಲ್ಲ. ಅದಕ್ಕಿಂತ ಮೇಲೆ ಬಂದದ್ದು ಸದ್ದಿಲ್ಲದೆ ಉದುರಿಹೋಯಿತು. ಅಷ್ಟೂ ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸ ತಡವಾಯಿತು. ನಮ್ಮ ಬಾಟಲಿ ತುಂಬಿ ಚೆಲ್ಲಿದ ಹಾಗೇ. ವ್ಯತ್ಯಾಸ ಏನೆಂದರೆ, ಬಾಟಲಿ ಚೆಲ್ಲಿದರೆ ನೆಲ ಒದ್ದೆಯಾಗುತ್ತದೆ, ಗೊತ್ತಾಗುತ್ತದೆ.

ಜೀನುಗಳ ಹೆಸರಿನ ಕಥೆ ನಿಮ್ಮಲ್ಲಿ ಜೀವಶಾಸ್ತ್ರದವರಿಗೆ ಗೊತ್ತಿರಬಹುದು. ‘ಸೆಪ್ಟ್2’ ಅಂತ ಒಂದು ಜೀನ್. ಎಕ್ಸೆಲ್‌ನಲ್ಲಿ ಟೈಪ್ ಮಾಡಿದರೆ ಅದು ಸೆಪ್ಟೆಂಬರ್ 2 ಅಂದುಕೊಂಡು ತಾರೀಕು ಮಾಡಿಬಿಡುತ್ತದೆ. 2016ರಲ್ಲಿ ಯಾರೋ ಕೂತು ಹುಡುಕಿದಾಗ, ಎಕ್ಸೆಲ್ ಪಟ್ಟಿ ಲಗತ್ತಿಸಿದ ಜೀನ್ ಸಂಶೋಧನಾ ಲೇಖನಗಳಲ್ಲಿ ಸುಮಾರು ಐದರಲ್ಲಿ ಒಂದಕ್ಕೆ ಈ ರೋಗ ತಗುಲಿತ್ತು. ಕೊನೆಗೆ 2020ರಲ್ಲಿ ವಿಜ್ಞಾನಿಗಳು ಜೀನುಗಳ ಹೆಸರನ್ನೇ ಬದಲಾಯಿಸಿದರು. ಸಾಫ್ಟ್‌ವೇರಿಗೆ ಹೆದರಿ ಮಗುವಿಗೆ ಮರುನಾಮಕರಣ!

ಈಗ ಸ್ವಲ್ಪ ಮನೆಗೆ ಹತ್ತಿರದ, ನಗು ಬರದ ವಿಷಯ. ಮಂಗನ ಕಾಯಿಲೆ.

1957ರಲ್ಲಿ ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಜನ ಜ್ವರ ಬಂದು ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ವೈರಸ್ ಹಿಡಿದರು, ಉಣುಗಿನಿಂದ ಹರಡುತ್ತದೆ ಅಂತ ಕಂಡುಕೊಂಡರು. ಅದು ರಷ್ಯಾದ ಕಡೆಯ ಮಿದುಳುಜ್ವರದ ವೈರಸ್ಸಿನ ಹತ್ತಿರದ ಸಂಬಂಧಿ ಎಂದು ತಿಳಿಯಿತು. ಅಲ್ಲಿಯದು ಇಲ್ಲಿಗೆ ಹೇಗೆ? ವಲಸೆ ಹಕ್ಕಿಗಳ ಮೈಮೇಲಿನ ಉಣುಗು ತಂದಿರಬಹುದೇ? ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸಲೀಂ ಅಲಿ ಮತ್ತು ಜೊತೆಗಾರರು 1960ರ ದಶಕದಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ಹಾಕುವ ದೊಡ್ಡ ಕೆಲಸ ಮಾಡಿದ್ದರ ಹಿಂದೆ ಈ ಪ್ರಶ್ನೆಯೂ ಇತ್ತು. ಒಳ್ಳೆಯ ಪ್ರಶ್ನೆ, ಒಳ್ಳೆಯ ವಿಜ್ಞಾನಿಗಳು. ಆದರೆ ಹಣದಲ್ಲಿ ಒಂದು ಪಾಲು ಬಂದದ್ದು ಅಮೆರಿಕದ ಸೇನೆಯ ಸಂಶೋಧನಾ ವಿಭಾಗದಿಂದ. 1974ರಲ್ಲಿ ಇದು ಪತ್ರಿಕೆಗಳಿಗೆ ಬಂತು, 1975ರಲ್ಲಿ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ವರದಿಗೂ ಬಂತು. ಜೈವಿಕ ಯುದ್ಧದ ತಯಾರಿ ಎಂಬ ಗುಮಾನಿ ಹುಟ್ಟಿಕೊಂಡಿತು. ನನ್ನ ಮಟ್ಟಿಗೆ ಹೇಳುವುದಾದರೆ, ಹಕ್ಕಿ ಎಣಿಸಿದವರ ಪ್ರಾಮಾಣಿಕತೆ ಬಗ್ಗೆ ನನಗೆ ಅನುಮಾನ ಇಲ್ಲ. ದುಡ್ಡು ಯಾರದ್ದು, ಅಂಕಿ ಅಂಶ ಯಾರ ಕೈಗೆ ಹೋಗುತ್ತದೆ ಎನ್ನುವುದನ್ನು ಮೊದಲ ಪುಟದಲ್ಲೇ ಜನಕ್ಕೆ ತಿಳಿಯುವ ಹಾಗೆ ಬರೆಯದಿದ್ದರೆ ಹೀಗಾಗುತ್ತದೆ. ನಮ್ಮ ಕಡೆ ‘ಮಂಗನ ಕಾಯಿಲೆ ಅಮೆರಿಕದವರು ಬಿಟ್ಟಿದ್ದು’ ಅನ್ನುವ ಮಾತನ್ನು ನಾನು ಚಿಕ್ಕವನಿದ್ದಾಗಲೂ ಕೇಳಿದ್ದೆ, ಮೊನ್ನೆ ಬಸ್ಸಿನಲ್ಲೂ ಕೇಳಿದೆ. ಅರ್ಧ ಶತಮಾನ ಕಳೆದರೂ ಅದು ಸತ್ತಿಲ್ಲ.

ಲಸಿಕೆಯ ಲೆಕ್ಕ ಇನ್ನೂ ಕಷ್ಟದ್ದು. 1990ರ ದಶಕದ ಆರಂಭದ ಪ್ರಯೋಗದಲ್ಲಿ, ಎರಡು ಡೋಸ್ ಹಾಕಿಸಿಕೊಂಡವರಲ್ಲಿ ಲಸಿಕೆ ನೂರಕ್ಕೆ 93.5ರಷ್ಟು ರಕ್ಷಣೆ ಕೊಡುತ್ತದೆ ಎಂದು ಬಂತು. 2005ರಿಂದ 2010ರ ಅಂಕಿಗಳನ್ನು ಕೂಡಿಸಿ ನೋಡಿದಾಗ ಅದೇ ಎರಡು ಡೋಸಿಗೆ 62.4. ಬೂಸ್ಟರ್ ಕೂಡ ತಗೊಂಡಿದ್ದರೆ 82.9. ಈ ಎರಡನೇ ಲೆಕ್ಕ ಹೇಗೆ ಮಾಡುತ್ತಾರೆ ಅಂತ ಒಂದು ಕ್ಷಣ ಯೋಚಿಸಿ. ಯಾರಿಗೆ ಲಸಿಕೆ ಆಗಿದೆ, ಎಷ್ಟು ಸಲ, ಯಾವಾಗ. ಯಾರಿಗೆ ಜ್ವರ ಬಂತು, ರಕ್ತ ಪರೀಕ್ಷೆಯಲ್ಲಿ ಏನು ಬಂತು. ಎರಡು ಪಟ್ಟಿಯನ್ನು ಜೋಡಿಸಬೇಕು. ಮೊದಲ ಎರಡು ಡೋಸ್ ಒಂದು ತಿಂಗಳ ಅಂತರದಲ್ಲಿ, ಆರರಿಂದ ಒಂಬತ್ತು ತಿಂಗಳಿಗೆ ಬೂಸ್ಟರ್, ಆಮೇಲೆ ವರ್ಷ ವರ್ಷ ಹಾಕಿಸಿಕೊಳ್ಳಬೇಕಿತ್ತು. ಚುಚ್ಚಿದ ಕಡೆ ನೋವೂ ಜಾಸ್ತಿ, ಅರ್ಧಕ್ಕೆ ಬಿಟ್ಟವರು ಬೇಕಾದಷ್ಟು.

ನಮ್ಮ ಮಲೆನಾಡಿನ ಮನೆಗಳು ಒಂದು ಗುಡ್ಡಕ್ಕೊಂದು. ಲಸಿಕೆ ಪುಸ್ತಕದಲ್ಲಿ ‘ಲಕ್ಷ್ಮಮ್ಮ, ಕೆಳಗಿನಮನೆ’, ಆಸ್ಪತ್ರೆ ಚೀಟಿಯಲ್ಲಿ ‘ಲಕ್ಷ್ಮಿ’, ಊರಿನ ಹೆಸರು ಕಂದಾಯ ಗ್ರಾಮದ್ದು, ಆಧಾರ್‌ನಲ್ಲಿ ಗಂಡನ ಹೆಸರು ಸೇರಿಸಿ ಇನ್ನೊಂದು. ಮೂವರೂ ಒಬ್ಬರೇ ಅಂತ ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ. ಗೊತ್ತಿರುವುದು ಆಶಾ ಕಾರ್ಯಕರ್ತೆಗೆ. ಲಕ್ಷ್ಮಮ್ಮ ಲಸಿಕೆ ಹಾಕಿಸಿಕೊಂಡೂ ಕಾಯಿಲೆ ಬಿದ್ದರೆ, ಹೆಸರು ಹೊಂದದ ಕಾರಣಕ್ಕೆ ಆಕೆ ‘ಲಸಿಕೆ ಆಗದವರು’ ಪಟ್ಟಿಗೆ ಹೋಗುತ್ತಾಳೆ, ಲಸಿಕೆ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ಉಲ್ಟಾ ಆದರೆ ಇರುವುದಕ್ಕಿಂತ ಕೆಟ್ಟದಾಗಿ ಕಾಣುತ್ತದೆ. ಶೇಕಡಾವಾರು ಅಂಕಿಯ ದಶಮಾಂಶದ ಹಿಂದೆ ಇಂಥ ನೂರಾರು ಲಕ್ಷ್ಮಮ್ಮಂದಿರು ಕೂತಿರುತ್ತಾರೆ.

2018ರ ಕೊನೆಯಿಂದ 2019ರವರೆಗೆ ಇದೇ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಈ ಕಾಯಿಲೆ ಹರಡಿ, ಜನ ಸತ್ತು ಏನೇನಾಯಿತು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. 2022ರಲ್ಲಿ, ಸಾಮರ್ಥ್ಯ ಸಾಲದು ಎಂಬ ಕಾರಣಕ್ಕೆ ಆ ಹಳೆಯ ಲಸಿಕೆ ನಿಂತೇ ಹೋಯಿತು. 93.5 ಎಂದು ಕೇಳಿದ್ದವರು ನಿಂತ ಸುದ್ದಿ ಕೇಳಿದಾಗ ‘ಹಾಗಾದರೆ ಇಷ್ಟು ದಿನ ನೀರು ಚುಚ್ಚಿದರಾ?’ ಅಂದರು. ನಡುವಿನ 62.4 ಅವರ ಕಿವಿಗೆ ಬಿದ್ದೇ ಇರಲಿಲ್ಲ. ಅದು ಗುಟ್ಟೇನಲ್ಲ, ಪ್ರಕಟವಾಗಿತ್ತು. ಆದರೆ ಇಂಗ್ಲಿಷಿನಲ್ಲಿ, ಕಾಡಿನ ಅಂಚಿನ ಯಾವ ಮನೆಗೂ ತಲುಪದ ಜಾಗದಲ್ಲಿ. ಅಂಕಿ ಇಳಿಯುತ್ತಾ ಬಂದದ್ದನ್ನು ಇಳಿಯುತ್ತಿದ್ದಾಗಲೇ ಹೇಳಿದ್ದರೆ ಜನ ಕೋಪ ಮಾಡಿಕೊಳ್ಳುತ್ತಿದ್ದರು, ಖಂಡಿತ. ಆದರೆ ಮುಂದಿನ ಲಸಿಕೆ ಬಂದಾಗ ತೋಳು ಕೊಡುತ್ತಿದ್ದರು.

ಭೂಪಟದ ವಿಷಯ ಎತ್ತಿದರೆ ಇಲ್ಲಿ ಜಗಳ ಆಗುತ್ತದೆ, ಆದರೂ ಎತ್ತುತ್ತೇನೆ. ಪಶ್ಚಿಮ ಘಟ್ಟದಲ್ಲಿ ಯಾವ ಯಾವ ಜಾಗ ಪರಿಸರ ಸೂಕ್ಷ್ಮ ಎಂದು ಗುರುತಿಸಲು ಕೇಂದ್ರ ಸರ್ಕಾರ ನೇಮಿಸಿದ್ದ ಗಾಡ್ಗೀಳ್ ಸಮಿತಿ 2011ರ ಆಗಸ್ಟಿನಲ್ಲಿ ವರದಿ ಕೊಟ್ಟಿತು. ಅದು ಜನರ ಕಣ್ಣಿಗೆ ಬಿದ್ದದ್ದು 2012ರ ಮೇನಲ್ಲಿ, ಅದೂ ಕೇಂದ್ರ ಮಾಹಿತಿ ಆಯೋಗ ಹೇಳಿ, ಮಾತು ದೆಹಲಿ ಹೈಕೋರ್ಟಿಗೆ ಹೋಗಿ ಬಂದ ಮೇಲೆ. ಪಶ್ಚಿಮ ಘಟ್ಟದ ಜನರ ಬಗ್ಗೆ ಬರೆದ ವರದಿ ಪಶ್ಚಿಮ ಘಟ್ಟದ ಜನರಿಗೆ ಸಿಗದ ಆ ಎಂಟೊಂಬತ್ತು ತಿಂಗಳಲ್ಲಿ ಎಷ್ಟು ಗಾಳಿಮಾತು ಬೆಳೆಯಬಹುದೋ ಅಷ್ಟೂ ಬೆಳೆಯಿತು. ಆಮೇಲೆ 2013ರಲ್ಲಿ ಕಸ್ತೂರಿರಂಗನ್ ಸಮಿತಿಯದ್ದು ಬಂತು, ಉಪಗ್ರಹ ಚಿತ್ರ ಆಧರಿಸಿ. ಆ ಚಿತ್ರದ ಒಂದು ಚೌಕ ಎಂದರೆ ನೆಲದ ಮೇಲೆ 24 ಮೀಟರ್. ನಮ್ಮ ಭಾಷೆಗೆ ತನ್ನಿ. ಒಂಬತ್ತಡಿ ಅಂತರಕ್ಕೆ ಅಡಿಕೆ ಹಾಕಿದರೆ ಆ ಕಡೆ ಒಂಬತ್ತು ಮರ, ಈ ಕಡೆ ಒಂಬತ್ತು ಮರ. ಸುಮಾರು 80 ಮರಕ್ಕೆ ಒಂದೇ ಬಣ್ಣ. ನಮ್ಮ ಕಣಿವೆ ತೋಟಗಳು ಎಷ್ಟೋ ಕಡೆ ಅಷ್ಟು ಅಗಲವೂ ಇಲ್ಲ, ಎರಡೂ ಬದಿ ಸೊಪ್ಪಿನ ಬೆಟ್ಟ. ಮೇಲಿನಿಂದ ನೋಡಿದರೆ ಹಸಿರು, ಹಸಿರು, ಹಸಿರು. ‘ನಮ್ಮ ತೋಟವನ್ನು ಕಾಡು ಅಂದಿದ್ದಾರೆ’ ಎಂಬ ಆಕ್ಷೇಪ ಹುಟ್ಟಿದ್ದು ಇಲ್ಲಿಂದ. ಹಳ್ಳಿಯ ನೂರಕ್ಕೆ 20 ಭಾಗ ಸೂಕ್ಷ್ಮ ಎಂದು ಕಂಡರೆ ಇಡೀ ಹಳ್ಳಿ ಪಟ್ಟಿಗೆ ಸೇರುತ್ತಿತ್ತು. ಘಟ್ಟ ಉಳಿಯಬೇಕು ಎನ್ನುವವನು ನಾನು. ಅದರಲ್ಲಿ ಎರಡು ಮಾತಿಲ್ಲ. ಆದರೆ ಹಳ್ಳಿಯ ಪಟ್ಟಿ ಮಾತ್ರ ಕೊಟ್ಟು, ಯಾವ ಚೌಕ ಯಾಕೆ ಆ ಬಣ್ಣಕ್ಕೆ ಬಂತು ಅಂತ ಪಂಚಾಯಿತಿ ಕಟ್ಟೆಯಲ್ಲಿ ಕೂತು ನೋಡಲು ದಾರಿ ಇಟ್ಟಿರದಿದ್ದರೆ, ಸರಿ ಇದ್ದ ಚೌಕಗಳನ್ನೂ ಯಾರೂ ನಂಬುವುದಿಲ್ಲ.

ಮಣ್ಣು ಆರೋಗ್ಯ ಕಾರ್ಡ್‌ದೂ ಇದೇ ಹಾಡು. ನನಗೂ ಪಕ್ಕದವರಿಗೂ ಬಂದ ಕಾರ್ಡಿನಲ್ಲಿ ಎಲ್ಲಾ ಅಂಕಿ ಒಂದೇ. ‘ಕೂತಲ್ಲೇ ಬರೆದಿದ್ದಾರೆ’ ಅಂತ ನಾವಿಬ್ಬರೂ ಬೈದುಕೊಂಡೆವು. ಆಮೇಲೆ ಗೊತ್ತಾಯಿತು, ಆ ಯೋಜನೆಯ ಕ್ರಮವೇ ಹಾಗೆ: ನೀರಾವರಿ ಜಮೀನಿನಲ್ಲಿ ಎರಡೂವರೆ ಹೆಕ್ಟೇರಿಗೊಂದು, ಮಳೆಯಾಶ್ರಿತದಲ್ಲಿ 10 ಹೆಕ್ಟೇರಿಗೊಂದು ಮಾದರಿ. ಅದರೊಳಗಿನ ಎಲ್ಲರಿಗೂ ಅದೇ ಫಲಿತಾಂಶ. ತಗ್ಗಿನ ತೋಟಕ್ಕೂ ದಿಬ್ಬದ ಹಕ್ಕಲಿಗೂ ಮಣ್ಣೇ ಬೇರೆ ಇರುವ ನಮ್ಮಲ್ಲಿ ಈ ಕ್ರಮ ಹೊಂದುವುದಿಲ್ಲ, ಅದು ಬೇರೆ ವಾದ. ಮೋಸವಂತೂ ಅಲ್ಲ. ನಮ್ಮ ಕೈಗೆ ಬಂದ ಕಾರ್ಡಿನಲ್ಲಿ ಈ ಒಂದು ಸಾಲು ಕಣ್ಣಿಗೆ ಬೀಳುವ ಹಾಗೆ ಇದ್ದಿದ್ದರೆ ಬೈಗುಳ ಉಳಿಯುತ್ತಿತ್ತು.

ಮೋಸವೂ ಇದೆ, ಇಲ್ಲ ಅನ್ನುವುದಿಲ್ಲ. 2020ರ ಮೇ 22ರಂದು ‘ಲ್ಯಾನ್ಸೆಟ್’ ಎಂಬ ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲಿ ಕೊರೊನಾ ರೋಗಿಗಳಿಗೆ ಮಲೇರಿಯಾ ಔಷಧ ಹೈಡ್ರಾಕ್ಸಿಕ್ಲೋರೋಕ್ವಿನ್ ಕೊಟ್ಟರೆ ಸಾವು ಹೆಚ್ಚು ಎಂಬ ಲೇಖನ ಬಂತು. 671 ಆಸ್ಪತ್ರೆ, ಸುಮಾರು 96 ಸಾವಿರ ರೋಗಿಗಳು. ವಿಶ್ವ ಆರೋಗ್ಯ ಸಂಸ್ಥೆ ತನ್ನ ಪ್ರಯೋಗದಲ್ಲಿ ಆ ಔಷಧದ ಭಾಗವನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. ಮೂಲ ಅಂಕಿ ತೋರಿಸಿ ಅಂದಾಗ ಅದನ್ನು ಒದಗಿಸಿದ ಸರ್ಜಿಸ್ಫಿಯರ್ ಕಂಪನಿ ತೋರಿಸಲಿಲ್ಲ. ಹದಿಮೂರು ದಿನಕ್ಕೆ ಲೇಖನ ವಾಪಸ್. ಅಷ್ಟು ಬೇಗ ಬಿದ್ದದ್ದು ಹೇಗೆ? ಹೊರಗಿನವರು ‘ಪುಸ್ತಕ ತೋರಿಸಿ’ ಅಂದರು, ಅಷ್ಟೇ.

ಪುಸ್ತಕ ಎಂದೆ. ಈ ಪುಟ ಇನ್ನೊಮ್ಮೆ ನೋಡಿ. ಇಲ್ಲಿ ಅಪ್ಪಯ್ಯ 2.40 ಅಂತ ಬರೆದು ಕಾಟು ಹೊಡೆದು 1.40 ಮಾಡಿದ್ದಾರೆ. ಹಳೆಯದು ಈಗಲೂ ಓದಬಹುದು. ಶಾಯಿ ಬೇರೆ, ಅಂದರೆ ಆಮೇಲೆ ತಿದ್ದಿದ್ದು. ಚಿತ್ತು ಕಾಟು ತುಂಬಿದ ಈ ಪುಟವನ್ನು ನಾನು ನಂಬುತ್ತೇನೆ. ಕಂಪ್ಯೂಟರಿನಲ್ಲಿ 2.40 ಅಳಿಸಿ 1.40 ಒತ್ತಿದರೆ ಗಾಯದ ಕಲೆಯೂ ಉಳಿಯುವುದಿಲ್ಲ. ಪುಟ ಹುಟ್ಟುವಾಗಲೇ ಹಾಗಿತ್ತು ಅನ್ನುವಷ್ಟು ಶುಭ್ರ. ಡಿಜಿಟಲ್ ಯುಗದ ತೊಂದರೆಯ ಬೇರು ನನಗೆ ಕಾಣುವುದು ಇಲ್ಲೇ. ಹಾಗಂತ ಕಂಪ್ಯೂಟರ್ ಬಿಡಿ ಅನ್ನುತ್ತಿಲ್ಲ. ಮೊದಲು ಬಂದ ಅಂಕಿಯನ್ನು ಮುಟ್ಟದೆ ಒಂದು ಕಡೆ ಇಟ್ಟು, ತಿದ್ದುಪಡಿಯನ್ನು ಪ್ರತ್ಯೇಕ ಕಡತದಲ್ಲಿ ಮಾಡಿ, ಯಾರು, ಯಾವತ್ತು, ಯಾಕೆ ಅಂತ ತಾನಾಗಿಯೇ ದಾಖಲಾಗುವ ವ್ಯವಸ್ಥೆ ಪ್ರೋಗ್ರಾಮ್ ಬರೆಯುವ ಹುಡುಗರ ಬಳಿ ಎಷ್ಟೋ ವರ್ಷದಿಂದ ಇದೆ. ಪ್ರಯೋಗಾಲಯಗಳಿಗೆ, ಇಲಾಖೆಗಳಿಗೆ ಅದು ಇನ್ನೂ ಸರಿಯಾಗಿ ಬಂದಿಲ್ಲ.

ಮೂಲವನ್ನು ಮುಟ್ಟದೆ ಇಟ್ಟರೆ ಏನು ಲಾಭ ಅಂದರೆ, ಓಜೋನ್ ರಂಧ್ರ. 1985ರಲ್ಲಿ ಅಂಟಾರ್ಕ್ಟಿಕಾದ ಹ್ಯಾಲಿ ಕೇಂದ್ರದ ಬ್ರಿಟಿಷರು ನೆಲದಿಂದ ಅಳೆದು ಓಜೋನ್ ಕುಸಿದಿದೆ ಅಂದರು. ಅಮೆರಿಕದ ಉಪಗ್ರಹ ಮೇಲೆಯೇ ಇತ್ತು. ಅದರ ಅಂಕಿಗಳಲ್ಲಿ ತೀರಾ ಕಡಿಮೆ ಇದ್ದವನ್ನು ಸಾಫ್ಟ್‌ವೇರ್ ‘ಅನುಮಾನಾಸ್ಪದ’ ಎಂದು ಗುರುತು ಹಾಕಿಟ್ಟಿತ್ತು. ಕಂಪ್ಯೂಟರ್ ಅವನ್ನು ಬಿಸಾಡಿತ್ತು ಅಂತ ಕಥೆ ಕಟ್ಟಿ ಹೇಳುವವರಿದ್ದಾರೆ, ಅದು ತಪ್ಪು. ಬಿಸಾಡಿರಲಿಲ್ಲ, ಗುರುತು ಹಾಕಿ ಇಟ್ಟಿತ್ತು. ಹಾಗೆ ಇಟ್ಟಿದ್ದರಿಂದಲೇ ಮತ್ತೆ ತೆಗೆದು ನೋಡಿ ರಂಧ್ರದ ಪೂರ್ತಿ ಚಿತ್ರ ಬಿಡಿಸಲು ಆಯಿತು.

ಎಲ್ಲವನ್ನೂ ತೆರೆದಿಡಿ ಎಂದೂ ಅಲ್ಲ. ಮಂಗನ ಕಾಯಿಲೆ ಬಂದವರ ಹೆಸರು, ಮನೆ ವಾಟ್ಸ್ಯಾಪ್‌ನಲ್ಲಿ ಹರಿದಾಡಬಾರದು. ಆಗುಂಬೆ ಕಾಡಿನಲ್ಲಿ ಮೈಯೊಳಗೆ ರೇಡಿಯೋ ಟ್ರಾನ್ಸ್‌ಮಿಟರ್ ಇಟ್ಟ ಕಾಳಿಂಗ ಸರ್ಪ ಈಗ ಯಾವ ಪೊದೆಯಲ್ಲಿದೆ ಎನ್ನುವುದು ಫೋಟೋ ತೆಗೆಯುವವರಿಗೆಲ್ಲ ಗೊತ್ತಾಗಬೇಕಾಗಿಲ್ಲ. ಇವನ್ನು ಮುಚ್ಚಿಡಿ, ಆದರೆ ಮುಚ್ಚಿಟ್ಟಿದ್ದೇವೆ ಎಂಬುದನ್ನು ಮುಚ್ಚಿಡಬೇಡಿ.

(ಇಲ್ಲಿಗೆ ಮಾತು ಮುಗಿಸಿದೆ. ಒಬ್ಬ ಬೆಳೆಗಾರರು ಎದ್ದು ಕೇಳಿದರು: ‘ಸಾರ್, ಅಡಿಕೆ ಕ್ಯಾನ್ಸರ್‌ಕಾರಕ ಅಂತಾರಲ್ಲ, ಆ ಲೆಕ್ಕವನ್ನೂ ನಂಬಬೇಕಾ?’)

ಕೇಳೇ ಕೇಳ್ತೀರಿ ಅಂತ ಗೊತ್ತಿತ್ತು. ನನ್ನ ಅನ್ನವೂ ಅಡಿಕೆಯದ್ದೇ. ಇಲ್ಲಿಯವರೆಗೆ ಇಲಾಖೆಯವರಿಗೆ, ಕಂಪನಿಯವರಿಗೆ ಪುಸ್ತಕ ತೋರಿಸಿ ಅಂದೆ, ನೀವು ಚಪ್ಪಾಳೆ ಹೊಡೆದಿರಿ. ಈಗ ನಮಗೆ ಬೇಡದ ಅಂಕಿಗೂ ಅದೇ ಅಳತೆ ಹಿಡಿಯಬೇಕು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1985ರಲ್ಲಿ, ಹೊಗೆಸೊಪ್ಪು ಸೇರಿದ ಕವಳ (ಎಲೆ ಅಡಿಕೆ) ಕ್ಯಾನ್ಸರ್ ತರುತ್ತದೆ, ಹೊಗೆಸೊಪ್ಪಿಲ್ಲದ್ದರ ಬಗ್ಗೆ ಪುರಾವೆ ಸಾಲದು ಎಂದಿತ್ತು. 2004ರ ಸಂಪುಟದಲ್ಲಿ ಹೊಸ ಅಧ್ಯಯನಗಳನ್ನು ಸೇರಿಸಿಕೊಂಡು, ಹೊಗೆಸೊಪ್ಪಿಲ್ಲದ ಕವಳವನ್ನೂ ಬರೀ ಅಡಿಕೆಯನ್ನೂ ಒಂದನೇ ಗುಂಪಿಗೆ ಹಾಕಿತು. ಎರಡೂ ಸಂಪುಟ ಯಾರು ಬೇಕಾದರೂ ಓದಬಹುದು, ಯಾವ ಅಧ್ಯಯನ ಒಪ್ಪಿದರು, ಯಾವುದನ್ನು ಬಿಟ್ಟರು ಎಲ್ಲಾ ಇದೆ. ಅಂದರೆ ಕಾಟು ಹೊಡೆದದ್ದು ಕಾಣುತ್ತದೆ. ಇನ್ನೊಂದು ಮಾತು: ಒಂದನೇ ಗುಂಪು ಅಂದರೆ ಪುರಾವೆ ಗಟ್ಟಿ ಎಂದು ಅರ್ಥ, ಎಷ್ಟು ಅಪಾಯ ಎಂಬ ಅಳತೆ ಅಲ್ಲ. ಬಿಸಿಲೂ ಅದೇ ಗುಂಪಿನಲ್ಲಿದೆ. ಆದರೂ ನೀವು ಕೇಳಿದ್ದಕ್ಕೆ ಉತ್ತರ, ಹೌದು, ನಾನು ನಂಬುತ್ತೇನೆ. ನಾನು ಕವಳ ಬಿಟ್ಟು ಹನ್ನೊಂದು ವರ್ಷ ಆಯಿತು.

(ಈ ಸಲ ಚಪ್ಪಾಳೆ ಬೀಳಲಿಲ್ಲ.)

ಸಭೆ ಮುಗಿದು ಜನ ಕಾಫಿಗೆ ಹೋದಾಗ, ಸಂಕ ಕೊಚ್ಚಿಹೋದ ವರ್ಷವನ್ನು ನೆನಪಿಸಿದ್ದ ಪಕ್ಕದ ಮನೆಯ ಹಿರಿಯರೇ ವೇದಿಕೆ ಹತ್ತಿ ಬಂದರು. ಪುಸ್ತಕ ಕೇಳಿ ತಗೊಂಡರು, ಕನ್ನಡಕ ಮೇಲೆ ಮಾಡಿ ಆ ಷರಾವನ್ನು ಬೆರಳಿಟ್ಟು ಓದಿದರು. ‘ಇದು ಪೂರ್ತಿ ಅಲ್ಲ ತಮ್ಮಾ’ ಅಂದರು. ‘ನಿನ್ನ ಅಪ್ಪಯ್ಯ ಆಸ್ಪತ್ರೆಯಲ್ಲಿದ್ದಾಗ ದಿನಾ ನಿಮ್ಮನೆ ಕೊಟ್ಟಿಗೆ ಕೆಲಸಕ್ಕೆ ಬರ್ತಿದ್ದವನು ನಾನು. ಬಾಟ್ಲಿ ತುಂಬಿದೆ ಅಂತ ಎರಡು ಸಲ ಚೆಲ್ಲಿದ್ದೆ. ಅಳೀಬೇಕು ಅಂತ ಗೊತ್ತಿರಲಿಲ್ಲ. ಬೈತಾರೆ ಅಂತ ಅವರಿಗೆ ಹೇಳಲೂ ಇಲ್ಲ.’

ಮನೆಗೆ ಬಂದು ಕಂಪ್ಯೂಟರ್ ತೆರೆದೆ. ಆರು ಮನೆ ಖಾಲಿ ಬಿಟ್ಟೆ. ಎಂಟು ಇಂಚು ಹಾಗೇ ಇದೆ. ಷರಾ ಕಲಂನಲ್ಲಿ ಅಪ್ಪಯ್ಯನ ಸಾಲಿನ ಕೆಳಗೆ, ಇವತ್ತಿನ ತಾರೀಕು ಹಾಕಿ, ಬರೆದೆ: ‘ಪಕ್ಕದ ಮನೆಯವರು ಹೇಳಿದಂತೆ, ನಡುವೆ ಎರಡು ಸಲ ಬಾಟಲಿ ಅಳೆಯದೆ ಚೆಲ್ಲಲಾಗಿದೆ.’